ಬಂತು, ಬಂತಂತೆ, ಬಂದಿರಬೇಕು

ರಾಮದುರ್ಗ ತಾಲ್ಲೂಕಿನ ನಮ್ಮ ಕಾಕಾನ ಮನೆಯಲ್ಲಿ ಎರಡು ಕೈಮಗ್ಗಗಳಿವೆ. ಒಂದರ ಮೇಲೆ ಕಾಕಾ ಕೂರುತ್ತಾರೆ, ಇನ್ನೊಂದರ ಮೇಲೆ ಕೆಲವು ವರ್ಷಗಳಿಂದ ಜೋಳದ ಚೀಲಗಳು ಕೂತಿವೆ. ಹೋದ ವರ್ಷ ಅವರ ಮಗಳು ಸೀರೆಗಳ ಫೋಟೋ ತೆಗೆದು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಹಾಕತೊಡಗಿದಳು. ಮೂರು ಸೀರೆ ಹೋದವು. ನಾಲ್ಕನೆಯದು ಮೈಸೂರಿಗೆ ಹೋಗಿ ಹನ್ನೊಂದು ದಿನಕ್ಕೆ ಮನೆಗೆ ವಾಪಸ್ ಬಂತು. ಕಾರಣದ ಜಾಗದಲ್ಲಿ ‘ಚಿತ್ರದಲ್ಲಿ ಇದ್ದಂತೆ ಇಲ್ಲ’ ಎಂದಿತ್ತು. ಅದರ ಕೆಳಗೆ ಕೊಂಡವರು ಬರೆದ ಎರಡು ಸಾಲು: ತಾವು ಆರಿಸಿದ್ದು ಇಟ್ಟಿಗೆಯಂಥ ಶಾಂತ ಕೆಂಪು, ಕೈಗೆ ಬಂದದ್ದು ಕಣ್ಣಿಗೆ ಹೊಡೆಯುವ ದಾಳಿಂಬೆ ಕೆಂಪು. ಹೋಗಿಬಂದ ಸಾಗಣೆಯ ಖರ್ಚು ಕಾಕಾನ ತಲೆಗೆ ಬಿತ್ತು. ಅವರ ಹೆಸರಿನ ಮುಂದಿದ್ದ ನಕ್ಷತ್ರಗಳಲ್ಲಿ ಒಂದು ಉದುರಿತು.

ನಾನು ಬೆಂಗಳೂರಿನಲ್ಲಿ ಚಿತ್ರಗಳನ್ನು ಸಂಸ್ಕರಿಸುವ ಸಾಫ್ಟ್‌ವೇರ್ ಬರೆಯುವವನು. ದೀಪಾವಳಿಗೆ ಬೈಲಹೊಂಗಲಕ್ಕೆ ಬಂದವನು ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದಾಗ ಕಾಕಾ ಆ ಸೀರೆಯನ್ನು ನನ್ನ ಮುಂದೆ ಬಿಚ್ಚಿಟ್ಟು ಕೇಳಿದರು: “ಹಂಗಾರ ಸುಳ್ಳ ಹೇಳಿದವ್ರ ಯಾರಪಾ? ಸೀರಿ ಹೇಳಿಲ್ಲ. ನಾ ಹೇಳಿಲ್ಲ. ಹುಡುಗಿ ಇದ್ದದ್ದನ್ನ ಫೋಟೋ ಹೊಡದಾಳ. ಮೈಸೂರಾಕಿ ಕಂಡದ್ದನ್ನ ಬರದಾಳ. ಮತ್ತ ನಡುವ ಸುಳ್ಳ ಎಲ್ಲಿಂದ ಬಂತು?”

ಸುಳ್ಳು ಹೇಳುವವರಿಲ್ಲದೆ ಸುಳ್ಳು ಹುಟ್ಟಬಲ್ಲದೇ ಎಂಬುದು ಹಳೆಯ ತಾತ್ವಿಕ ಪ್ರಶ್ನೆ. ಕಾಕಾ ಅದನ್ನು ಹಾಗೆಂದು ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಹೆಸರು. ನಾನು ಅವತ್ತು ಕೊಟ್ಟ ಉತ್ತರದಲ್ಲಿ ತಾಂತ್ರಿಕ ಪದಗಳು ಬಹಳ ಇದ್ದವು, ಹೆಸರು ಇರಲಿಲ್ಲ.

ತಂಗಿಯ ಫೋನಿನಲ್ಲಿದ್ದ ಮೂಲ ಫೋಟೋವನ್ನೂ ಮಾರುಕಟ್ಟೆಯ ಪುಟದಲ್ಲಿದ್ದ ಪ್ರತಿಯನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಎರಡರ ಹೊಟ್ಟೆಯನ್ನೂ ತೆರೆದು ನೋಡಿದೆ. ಅಂಕಿಗಳು ಹೆಚ್ಚುಕಡಿಮೆ ಒಂದೇ. ಆದರೆ ಫೋನಿನ ಫೋಟೋದ ಜೊತೆ ಒಂದು ಸಣ್ಣ ಚೀಟಿ ಇತ್ತು, ಮಾರುಕಟ್ಟೆಯ ಪ್ರತಿಯಲ್ಲಿ ಆ ಚೀಟಿ ಇರಲಿಲ್ಲ. ಆ ಚೀಟಿಯ ಹೆಸರು ಬಣ್ಣದ ಪ್ರೊಫೈಲ್.

ಕಂಪ್ಯೂಟರಿನಲ್ಲಿ ಚಿತ್ರವೆಂದರೆ ಚುಕ್ಕೆಗಳ ಹಾಸು. ಪ್ರತಿ ಚುಕ್ಕೆಗೂ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಸಾಮಾನ್ಯವಾಗಿ 0ಯಿಂದ 255ರವರೆಗೆ. 190, 30, 55 ಎಂದರೆ ಒಂದು ಬಗೆಯ ಕೆಂಪು. ಎಂಥ ಕೆಂಪು? ಇಲ್ಲಿಯೇ ಎಡವುವುದು. ನಮ್ಮ ಸಂತೆಯಲ್ಲಿ ಹೂವಿನ ಮಾಲೆಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳ ಎಂದರೆ ಮಾರುವವಳ ಮೊಣಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯ ಮುದುಕಿಯ ಮೂರು ಮೊಳವೂ ಉದ್ದ ಕೈಯ ಹುಡುಗಿಯ ಮೂರು ಮೊಳವೂ ಒಂದಲ್ಲ. ಆದರೂ ಅಲ್ಲಿ ಜಗಳವಾಗುವುದಿಲ್ಲ, ಏಕೆಂದರೆ ಕೈ ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಅದೇ ಹೂವನ್ನು ಯಾರೋ ಪತ್ರದಲ್ಲಿ ‘ಮೂರು ಮೊಳ ಕಳಿಸಿ’ ಎಂದು ಬರೆದು ತರಿಸಿಕೊಂಡರೆ ಆಗ ಕೇಳಬೇಕಾಗುತ್ತದೆ: ಯಾರ ಕೈಯ ಮೊಳ?

190, 30, 55 ಎಂಬುದು ಯಂತ್ರದ ಮೊಳ. ಪ್ರತಿ ಪರದೆಗೂ ತನ್ನದೇ ಕೆಂಪು, ಹಸಿರು, ನೀಲಿ ದೀಪಗಳಿವೆ. ಒಂದರ ಕೆಂಪಿನಷ್ಟು ಗಾಢ ಕೆಂಪು ಇನ್ನೊಂದರಲ್ಲಿ ಇರುವುದಿಲ್ಲ. ಅಂಕಿ ಹೇಳುವುದು ನಿನ್ನ ಕೆಂಪು ದೀಪವನ್ನು ಇಷ್ಟು ಹೊತ್ತಿಸು ಎಂದಷ್ಟೇ. ಪ್ರೊಫೈಲ್ ಎಂಬ ಚೀಟಿ ಆ ಕೈಯ ಉದ್ದವನ್ನು ಎಲ್ಲರೂ ಒಪ್ಪಿದ ಗಜಕಡ್ಡಿಯಲ್ಲಿ ಹೇಳುತ್ತದೆ: ಈ ಅಂಕಿಗಳನ್ನು ಬರೆದವರು ಕೆಂಪು ಎಂದದ್ದು ಇಂಥ ಕೆಂಪಿಗೆ, ಬಿಳಿ ಎಂದದ್ದು ಇಂಥ ಬಿಳಿಗೆ, ನಡುವಿನ ಏರಿಳಿತ ಹೀಗೆ.

ಆ ಗಜಕಡ್ಡಿಯ ಕತೆಯೂ ಸ್ವಾರಸ್ಯದ್ದು. ಬೆಳಕಿನ ವಿಷಯಕ್ಕೆ ಇರುವ ಅಂತರರಾಷ್ಟ್ರೀಯ ಆಯೋಗ, ಸಿಐಇ, 1931ರಲ್ಲಿ ‘ಪ್ರಮಾಣ ವೀಕ್ಷಕ’ ಎಂಬ ಕಲ್ಪಿತ ಮನುಷ್ಯನನ್ನು ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ 10 ಜನರ ಮೇಲೆ, ಜಾನ್ ಗಿಲ್ಡ್ 7 ಜನರ ಮೇಲೆ ಮಾಡಿದ ಪ್ರಯೋಗಗಳ ಸರಾಸರಿಯೇ ಆ ಮನುಷ್ಯ. ಒಟ್ಟು 17 ಜೊತೆ ಕಣ್ಣು. ಇವತ್ತಿಗೂ ಜಗತ್ತಿನ ಪರದೆ, ಮುದ್ರಣ, ಬಟ್ಟೆ, ಬಣ್ಣಗಳ ಲೆಕ್ಕ ಬಹುಪಾಲು ಆ 17 ಜನ ಕಂಡದ್ದರ ಮೇಲೆ ನಿಂತಿದೆ. ಕಾಕಾನ ಸೀರೆಯ ದಾಳಿಂಬೆ ಕೆಂಪನ್ನೂ ಕೊನೆಗೆ ಆ ಕಣ್ಣುಗಳೇ ತೀರ್ಮಾನಿಸುತ್ತವೆ ಎಂದರೆ ನಗು ಬರುತ್ತದೆ, ಆದರೆ ಅದರಲ್ಲಿ ಮೋಸವಿಲ್ಲ. ಯಾರ ಕಣ್ಣು, ಎಷ್ಟು ಜನ, ಯಾವ ಬೆಳಕು ಎಂದು ಅವರು ಬರೆದಿಟ್ಟಿದ್ದಾರೆ. ಒಪ್ಪದವರು ಬೇರೆ 17 ಜನರನ್ನು ಕೂರಿಸಿ ನೋಡಬಹುದು.

ಪರದೆ, ಕ್ಯಾಮೆರಾ, ಮುದ್ರಣ ಯಂತ್ರಗಳು ತಮ್ಮ ತಮ್ಮ ಮೊಳದ ಉದ್ದವನ್ನು ಒಂದೇ ನಮೂನೆಯ ಚೀಟಿಯಲ್ಲಿ ಬರೆಯಲಿ ಎಂದು 1993ರಲ್ಲಿ ಕೆಲವು ಕಂಪನಿಗಳು ಸೇರಿ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟ, ಐಸಿಸಿ, ಕಟ್ಟಿದವು. ಅವರ ಚೀಟಿಯ ಮೊದಲ 128 ಬೈಟ್ ವಿಳಾಸದ ಭಾಗವಿದ್ದಂತೆ: ಇದು ಯಾವ ಜಾತಿಯ ಸಾಧನ, ಚೀಟಿ ಯಾವ ದಿನ ಯಾವ ಹೊತ್ತಿಗೆ ಬರೆದದ್ದು ಇತ್ಯಾದಿ. ಆಮೇಲೆ ಮೂರು ದೀಪಗಳ ಬಣ್ಣ, ಬಿಳಿಯ ಬಣ್ಣ, ಅಂಕಿ ಏರಿದಂತೆ ಬೆಳಕು ಹೇಗೆ ಏರುತ್ತದೆಂಬ ರೇಖೆ. ಸರಳ ಪರದೆಯ ಚೀಟಿ ಕೆಲವೇ ನೂರು ಬೈಟ್ ಸಾಕು. ಫೋಟೋದ ತೂಕದ ಮುಂದೆ ಅದು ಸೀರೆಗೆ ಅಂಟಿದ ಒಂದು ಎಳೆ. ಆದರೂ ಚಿತ್ರ ಹಗುರವಾಗಲೆಂದು ಮೊದಲು ಕಿತ್ತು ಬಿಸಾಡುವುದು ಇದನ್ನೇ.

ತಂಗಿಯ ಫೋನು ಅಗಲವಾದ ಬಣ್ಣದ ಹರವಿನಲ್ಲಿ, ಡಿಸ್‌ಪ್ಲೇ ಪಿ3 ಎಂಬ ಮೊಳದಲ್ಲಿ, ಕೆಂಪನ್ನು ಅಳೆದು ಬರೆದಿತ್ತು. ಮಾರುಕಟ್ಟೆಯ ಯಂತ್ರ ಚೀಟಿ ಕಿತ್ತು ಅಂಕಿಗಳನ್ನಷ್ಟೇ ಮುಂದೆ ದಾಟಿಸಿತು. ಮೈಸೂರಿನ ಪರದೆ ಆ ಅಂಕಿಗಳನ್ನು ವಾಡಿಕೆಯ ಸಣ್ಣ ಮೊಳದಲ್ಲಿ ಓದಿತು. ಉದ್ದ ಕೈಯವಳ ಮೂರು ಮೊಳ ಗಿಡ್ಡ ಕೈಯವಳ ಮೂರು ಮೊಳವಾಯಿತು. ದಾಳಿಂಬೆ ಬಾಡಿತು.

ಇಷ್ಟು ಹೇಳಿದರೆ ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅನ್ನಿಸಬಹುದು: ಚೀಟಿ ಕಿತ್ತವರೇ ತಪ್ಪಿತಸ್ಥರು. ಚೀಟಿ ಕಿತ್ತವರು ತಪ್ಪು ಮಾಡಿದರು, ನಿಜ, ಆದರೆ ಅವರು ಸುಳ್ಳು ಹೇಳಲಿಲ್ಲ, ಸುಮ್ಮನಾದರು. ಮೌನವನ್ನು ಮಾತಾಗಿ ತಿರುಗಿಸಿದವರು ಇನ್ನೊಬ್ಬರಿದ್ದಾರೆ. ಅಲ್ಲಿ ನನ್ನ ಕಸುಬು ಬರುತ್ತದೆ.

ಸಾಫ್ಟ್‌ವೇರಿನಲ್ಲಿ ಲೈಬ್ರರಿ ಎಂದರೆ ಪುಸ್ತಕಗಳ ಮನೆಯಲ್ಲ. ಒಬ್ಬರು ಬರೆದಿಟ್ಟು ನೂರಾರು ಜನ ತಮ್ಮ ಕಾರ್ಯಕ್ರಮಗಳಲ್ಲಿ ಕರೆದು ಬಳಸುವ ಸಲಕರಣೆಗಳ ಪೆಟ್ಟಿಗೆ. ಚಿತ್ರ ತೆರೆಯುವುದು, ಕಿರಿದು ಮಾಡುವುದು, ತಿರುಗಿಸುವುದು, ಉಳಿಸುವುದು ಎಲ್ಲ ಅದರ ಕೆಲಸ. ಅಂಥ ಪೆಟ್ಟಿಗೆಯಲ್ಲಿ ಬಣ್ಣದ ಪ್ರೊಫೈಲನ್ನು ಹೇಗೆ ಇಡಬೇಕು ಎಂಬ ಪ್ರಶ್ನೆ ಬಂದಾಗ, ಹಲವು ವರ್ಷಗಳ ಹಿಂದೆ, ನಾನು ಒಂದು ಸಾಲು ಬರೆದಿದ್ದೆ. ಚಿತ್ರದಲ್ಲಿ ಪ್ರೊಫೈಲ್ ಇದ್ದರೆ ಅದನ್ನು ತೆಗೆದುಕೋ; ಇಲ್ಲವಾದರೆ ಎಸ್‌ಆರ್‌ಜಿಬಿ ಎಂದು ತಿಳಿದುಕೋ. ಬರೆಯುವುದಕ್ಕೆ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಯಾರೂ ಆಕ್ಷೇಪಿಸಲಿಲ್ಲ. ಆ ಮಾರುಕಟ್ಟೆಯವರು ಬಳಸುವ ಪೆಟ್ಟಿಗೆ ನಾವು ಮಾಡಿದ್ದಲ್ಲ, ಆದರೆ ಇಂಥ ಸಾಲು ಯಾವ ಪೆಟ್ಟಿಗೆಯಲ್ಲಾದರೂ ಸಿಗುತ್ತದೆ.

ಆ ಸಾಲಿನ ಪರವಾಗಿ ಹೇಳುವುದು ಬಹಳ ಇದೆ, ಅದನ್ನು ಹೇಳದೆ ಮುಂದೆ ಹೋದರೆ ನ್ಯಾಯವಲ್ಲ. ಎಸ್‌ಆರ್‌ಜಿಬಿ ಹುಟ್ಟಿದ್ದೇ ಚೀಟಿ ಇಲ್ಲದ ಚಿತ್ರಗಳಿಗಾಗಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಅಂದಿನ ಮೇಜಿನ ಪರದೆಗಳ ಸ್ವಭಾವವನ್ನು ಹಿಡಿದು ಅದನ್ನು ಮುಂದಿಟ್ಟವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಪ್ರತಿ ಚಿತ್ರಕ್ಕೂ ಚೀಟಿ ಅಂಟಿಸುವುದು ಆಗದ ಮಾತು, ಆದ್ದರಿಂದ ಚೀಟಿ ಇಲ್ಲದಿದ್ದರೆ ಇದು ಎಂದು ಎಲ್ಲರೂ ಒಪ್ಪೋಣ ಎಂಬುದು ಅವರ ವಾದ. ಒಪ್ಪಂದ ಸುಳ್ಳಲ್ಲ. ಸಂತೆಯವರೆಲ್ಲ ಕೂಡಿ ಇನ್ನು ಮೇಲೆ ಮೊಳ ಎಂದರೆ ಈ ಕೋಲು ಎಂದು ತೀರ್ಮಾನಿಸಿದರೆ ಆ ಮೇಲೆ ಕೈಯ ಉದ್ದ ಕೇಳುವವನೇ ತಲೆಹರಟೆ. ಚಿತ್ರವನ್ನು ಪರದೆಯ ಮೇಲೆ ತೋರಿಸಲೇಬೇಕು, ತೋರಿಸಲು ಯಾವುದೋ ಒಂದು ಬಣ್ಣ ಆರಿಸಲೇಬೇಕು. ‘ನನಗೆ ಗೊತ್ತಿಲ್ಲ’ ಎಂದು ಕಪ್ಪು ಪರದೆ ತೋರಿಸುವ ಲೈಬ್ರರಿಯನ್ನು ಯಾರು ಬಳಸುತ್ತಾರೆ?

ನನ್ನ ಆ ಸಾಲಿನ ಕೇಡು ಕಾಣಿಸುವುದು ತೋರಿಸುವಾಗ ಅಲ್ಲ, ಉಳಿಸುವಾಗ. ಚಿತ್ರ ತೆರೆದಾಗ ಚೀಟಿ ಇರಲಿಲ್ಲ. ನಾವು ಎಸ್‌ಆರ್‌ಜಿಬಿ ಎಂದು ತಿಳಿದುಕೊಂಡೆವು. ಬಳಸುವವರು ಚಿತ್ರವನ್ನು ಸ್ವಲ್ಪ ಕತ್ತರಿಸಿ ಉಳಿಸಿದರು. ಉಳಿಸುವಾಗ ನಮ್ಮ ಲೈಬ್ರರಿ ಹೊಸ ಫೈಲಿನ ಮೇಲೆ ಅಚ್ಚುಕಟ್ಟಾಗಿ ಚೀಟಿ ಅಂಟಿಸಿತು: ಎಸ್‌ಆರ್‌ಜಿಬಿ. ಈಗ ಆ ಫೈಲನ್ನು ತೆರೆಯುವ ಮುಂದಿನವನಿಗೆ ಅದು ಊಹೆ ಎಂದು ತಿಳಿಯುವ ದಾರಿಯೇ ಇಲ್ಲ. ಫೈಲು ತಾನಾಗಿ ಸಾಕ್ಷಿ ನುಡಿಯುತ್ತಿದೆ. ಯಾರೂ ಕಾಣದ್ದನ್ನು ಯಾರೋ ಕಂಡಂತೆ ದಾಖಲೆಯಾಯಿತು. ಕಾಕಾ ಕೇಳಿದ ‘ಸುಳ್ಳು ಎಲ್ಲಿಂದ ಬಂತು’ ಎಂಬುದರ ಜಾಗ ಇದೇ ಎಂದು ನನಗೆ ಹೊಳೆದದ್ದು ರಾಮದುರ್ಗದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರು ಯಾರದೋ ಮನೆಯ ಮದುವೆ ಮುರಿದ ಕತೆ ಹೇಳುತ್ತಿದ್ದರು. ಪ್ರತಿ ವಾಕ್ಯದ ಕೊನೆಗೂ ‘ಅಂತ’. ಹುಡುಗ ಒಲ್ಲೆ ಅಂದನಂತ, ಅವರವ್ವ ಅತ್ತಳಂತ, ಬಂಗಾರ ವಾಪಸ್ ಕೊಟ್ಟರಂತ.

ಕನ್ನಡದವರು ದಿನಕ್ಕೆ ನೂರು ಸಲ ಮಾಡುವ, ಗಮನಿಸದೆ ಮಾಡುವ ಒಂದು ಸೂಕ್ಷ್ಮ ಕೆಲಸ ಇದು. ‘ಮಳೆ ಬಂತು’ ಎಂದರೆ ನಾನೇ ನೆನೆದೆ. ‘ಮಳೆ ಬಂತಂತೆ’ ಎಂದರೆ ಯಾರೋ ಹೇಳಿದರು, ಹೊಣೆ ಅವರದು. ‘ಮಳೆ ಬಂದಿರಬೇಕು’ ಎಂದರೆ ಅಂಗಳ ಒದ್ದೆಯಾಗಿದೆ, ನಾನು ಲೆಕ್ಕ ಹಾಕುತ್ತಿದ್ದೇನೆ. ಮೂರೂ ಮಳೆಯ ವಿಷಯವೇ, ಆದರೆ ಕ್ರಿಯಾಪದದ ಬಾಲದಲ್ಲಿ ಗೊತ್ತಾದ ಬಗೆಯನ್ನೂ ಸೇರಿಸಿ ಹೇಳುತ್ತೇವೆ. ‘ಬಂದಿರಬೇಕು’ ಎಂದು ಹೇಳಿದವನ ಮಾತನ್ನು ಇನ್ನೊಬ್ಬ ‘ಬಂತು’ ಎಂದು ದಾಟಿಸಿದರೆ ಅವನು ಒಂದಕ್ಷರವನ್ನೂ ಕಲ್ಪಿಸಿಲ್ಲ, ಬಾಲವನ್ನಷ್ಟೇ ಕತ್ತರಿಸಿದ್ದಾನೆ. ಊರಿನ ಎಷ್ಟೋ ಮನೆಗಳು ಒಡೆದಿರುವುದು ಆ ಬಾಲ ಬಿದ್ದುಹೋದ ಕಾರಣಕ್ಕೆ.

ಚಿತ್ರದ ಲೈಬ್ರರಿಗೂ ಈ ಮೂರು ಬಾಲ ಬೇಕು. ನನ್ನ ಪರದೆಯ ಮುಂದೆ ಅಳತೆಯ ಉಪಕರಣ ಇಟ್ಟು ನಾನೇ ಅದರ ಕೆಂಪನ್ನು ಅಳೆದು ಚೀಟಿ ಬರೆದಿದ್ದರೆ ಅದು ‘ಬಂತು’. ಪರದೆಯನ್ನು ತಯಾರಿಸಿದವರು ಅದರೊಳಗೆ ತುಂಬಿಸಿ ಕಳಿಸಿದ ಮಾಹಿತಿಯಲ್ಲಿ ನನ್ನ ಕೆಂಪು ಇಂಥದ್ದು ಎಂದು ಬರೆದಿರುತ್ತಾರೆ, ಚಿತ್ರದ ಫೈಲಿನಲ್ಲಿಯೂ ಚೀಟಿ ಇರುತ್ತದೆ, ಇದು ‘ಬಂತಂತೆ’. ಚೀಟಿಯೇ ಇಲ್ಲದೆ ವಾಡಿಕೆಯನ್ನು ನಂಬಿ ಮುಂದುವರಿದರೆ ‘ಬಂದಿರಬೇಕು’. ಪ್ರೊಫೈಲಿನ ಜಾಗದಲ್ಲಿ ಬರೀ ಪ್ರೊಫೈಲನ್ನು ಇಟ್ಟರೆ ಮೂರೂ ಒಂದೇ ಆಗಿಬಿಡುತ್ತವೆ. ಪ್ರೊಫೈಲಿನ ಪಕ್ಕದಲ್ಲಿ ಅದು ಗೊತ್ತಾದ ಬಗೆಯನ್ನೂ ಇಡಬೇಕು, ಉಳಿಸುವಾಗ ‘ಬಂದಿರಬೇಕು’ ಎಂಬುದನ್ನು ‘ಬಂತಂತೆ’ ಎಂದು ಬರೆಯಬಾರದು. ಊಹೆಯ ಮೇಲೆ ನಡೆಯುವುದಕ್ಕೆ ನನ್ನ ತಕರಾರಿಲ್ಲ, ನಡೆಯದೆ ಬದುಕೇ ಸಾಗದು. ಊಹೆಗೆ ಸಾಕ್ಷಿಯ ಅಂಗಿ ತೊಡಿಸುವುದಕ್ಕೆ ತಕರಾರು.

ಪರದೆಯ ‘ಬಂತು’ ಕೂಡ ಚಿರಕಾಲದ್ದಲ್ಲ. ಪರದೆಯ ದೀಪ ಹಳತಾದಂತೆ ಬಣ್ಣ ಸರಿಯುತ್ತದೆ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಫೋನು ತಾನಾಗಿ ಹಳದಿಗೆ ತಿರುಗುತ್ತದೆ. ಚೀಟಿಯಲ್ಲಿ ತಾರೀಖಿಗೆ ಜಾಗ ಇಟ್ಟವರಿಗೆ ಈ ವಿವೇಕ ಇತ್ತು. ಆ ತಾರೀಖನ್ನು ಓದುವ ಲೈಬ್ರರಿಯನ್ನು ಮಾತ್ರ ನಾನು ಕಂಡಿಲ್ಲ.

ಹಳೆಯ ಮಾನಕಗಳಲ್ಲಿ ಅಲ್ಲಲ್ಲಿ ಇಂಥ ಪ್ರಾಮಾಣಿಕತೆಯ ತುಣುಕುಗಳಿವೆ. ಡಿಜಿಟಲ್ ಕ್ಯಾಮೆರಾಗಳು ಫೋಟೋದ ಜೊತೆ ಬರೆಯುವ ಎಕ್ಸಿಫ್ ಮಾಹಿತಿಯಲ್ಲಿ ಬಣ್ಣದ ಮೊಳಕ್ಕೆ ಒಂದು ಅಂಕಣವಿದೆ. 1 ಎಂದರೆ ಎಸ್‌ಆರ್‌ಜಿಬಿ. 65535 ಎಂದರೆ ‘ಅಳತೆಗೆ ಹೊಂದಿಸಿಲ್ಲ’, ಅದೊಂದನ್ನು ಬಿಟ್ಟು ಬೇರೆ ಏನೋ ಎಂದಷ್ಟೇ ಅರ್ಥ. ನನಗೆ ಆ 65535ರ ಮೇಲೆ ಪ್ರೀತಿ. ಗೊತ್ತಿಲ್ಲ ಎಂಬುದಕ್ಕೂ ಒಂದು ಅಂಕಿ ಇಟ್ಟುಕೊಂಡ ಮನಸ್ಸು ದೊಡ್ಡದು.

ನಾನು ಇದನ್ನು ಬೈಲಹೊಂಗಲದ ಬಟ್ಟೆ ಅಂಗಡಿಗಳಲ್ಲಿ ಮೊದಲೇ ಕಲಿಯಬಹುದಿತ್ತು. ಅವ್ವ ಸೀರೆ ಆರಿಸುವಾಗ ಅಂಗಡಿಯವ ತಾನಾಗಿ ಹೇಳುತ್ತಿದ್ದ: “ಇಲ್ಲಿ ಟ್ಯೂಬಲೈಟ್ ಐತ್ರಿ ಅಕ್ಕಾರ, ಹೊರಗ ಬಿಸಲಾಗ ಒಯ್ದ ನೋಡ್ರಿ.” ಅವ್ವ ಸೀರೆಯ ಸೆರಗನ್ನು ಹಿಡಿದು ಅಂಗಡಿಯ ಕಟ್ಟೆಗೆ ಬರುತ್ತಿದ್ದಳು, ಅರ್ಧ ಸೀರೆ ಒಳಗೆ, ಅರ್ಧ ಹೊರಗೆ. ಒಂದೇ ಸೀರೆ ಒಳಗೆ ಜಾಂಬಳಿ, ಹೊರಗೆ ಬೇರೆಯೇ. ಆ ವ್ಯಾಪಾರಿ ತನ್ನ ಬೆಳಕಿನ ದೋಷವನ್ನು ತಾನೇ ಹೇಳಿಕೊಳ್ಳುತ್ತಿದ್ದ, ವ್ಯಾಪಾರ ಕಳೆದುಕೊಳ್ಳುವ ಅಪಾಯವಿದ್ದರೂ. ಬಣ್ಣ ವಸ್ತುವಿನ ಮೈಯಲ್ಲಿ ಅಂಟಿಕೊಂಡಿಲ್ಲ, ಬೆಳಕು ಮತ್ತು ಕಣ್ಣಿನ ಜೊತೆಗಿನ ಮಾತುಕತೆಯಲ್ಲಿ ಇದೆ ಎಂದು ತತ್ವಶಾಸ್ತ್ರದ ಪುಸ್ತಕಗಳು ಅಧ್ಯಾಯಗಟ್ಟಲೆ ವಾದಿಸುತ್ತವೆ. ನಮ್ಮ ಕಡೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಹಣೆಗೆ ಭಂಡಾರ ಬಳಿದುಕೊಂಡು ಬಂದವರಿಗೆ ಇದು ಗೊತ್ತೇ ಇದೆ. ಅದೇ ಅರಿಶಿಣಕ್ಕೆ ಸುಣ್ಣ ಸೋಕಿದರೆ ಕೆಂಪು.

ಬಣ್ಣದ ಅಂಕಿಯ ಜೊತೆ ಬೆಳಕನ್ನೂ ಕಣ್ಣನ್ನೂ ಬರೆದಿಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. ಕಿತ್ತೂರಿಗೆ ಹತ್ತಿರದಲ್ಲೇ ಧಾರವಾಡ ತಾಲ್ಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಇನ್ನೂ ಮುಂದೆ ಹೋದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರಲ್ಲಿ ಶುರುವಾದದ್ದು, ಧ್ವಜಗಳನ್ನು ಹೊಲಿದು ದೇಶಕ್ಕೆಲ್ಲ ಕಳಿಸುತ್ತದೆ. ಆ ಧ್ವಜ ಹೇಗಿರಬೇಕೆಂಬುದಕ್ಕೆ 1951ರಲ್ಲಿ ಬಂದ ಮಾನಕವಿದೆ. ಭಾರತೀಯ ಮಾನಕಗಳ ಸಾಲಿನಲ್ಲಿ ಅದರ ಸಂಖ್ಯೆಯೇ 1. ಸ್ವತಂತ್ರ ದೇಶ ಅಳತೆಯ ವಿಷಯದಲ್ಲಿ ಮೊದಲು ಯೋಚಿಸಿದ್ದು ತನ್ನ ಬಾವುಟದ ಬಗ್ಗೆ.

ಆ ಮಾನಕದಲ್ಲಿ ಕೇಸರಿ ಎಂದರೆ ಏನು ಎಂದು ಬರೆದಿರುವ ರೀತಿ ನೋಡಿ. ಹೂವಿನ ಹೋಲಿಕೆಯಿಲ್ಲ, ತ್ಯಾಗದ ಮಾತಿಲ್ಲ. 1931ರ ಸಿಐಇ ಪದ್ಧತಿಯಲ್ಲಿ 0.538 ಮತ್ತು 0.360, ಹೊಳಪು ನೂರಕ್ಕೆ 21.5, ನೋಡಬೇಕಾದ ಬೆಳಕು ‘ಸಿ’. ಆ ‘ಸಿ’ ಎಂಬುದು ಸರಾಸರಿ ಹಗಲು ಬೆಳಕನ್ನು ಅನುಕರಿಸಲೆಂದು ಪ್ರಯೋಗಶಾಲೆಗಳಿಗೆ ಗೊತ್ತುಮಾಡಿದ ಬೆಳಕು. ಬಣ್ಣದ ಜೊತೆಗೆ ನೋಡುವ ಕಣ್ಣು, ಬೀಳುವ ಬೆಳಕು ಎರಡನ್ನೂ ಹೇಳಿದ್ದಾರೆ. ಆ ಸಾಲಿನಲ್ಲಿ ಕವಿತೆ ಇಲ್ಲದಿದ್ದರೂ ನನಗೆ ಅದು ಮರ್ಯಾದೆಯ ಮಾತಾಗಿ ಕೇಳಿಸುತ್ತದೆ. ಮುಂದೆ ಯಾರೋ ಬಟ್ಟೆಯನ್ನು ತಿರಸ್ಕರಿಸಿದರೆ ನೇಕಾರನಿಗೆ ಕೇಳುವ ಹಕ್ಕಿದೆ: ಯಾವ ಬೆಳಕಿನಲ್ಲಿ ನೋಡಿದಿರಿ?

ಈಗ ಪರದೆಯ ಮೇಲಿನ ಬಾವುಟ ನೋಡೋಣ. ಆಗಸ್ಟ್ 15ರ ಶುಭಾಶಯದ ಚಿತ್ರಗಳಲ್ಲಿ, ವೆಬ್ ಪುಟಗಳಲ್ಲಿ, ಕೇಸರಿ ಎಂದರೆ ಬಹಳ ಸಲ ಬಳಕೆಯಾಗುವ ಅಂಕಿಗಳು 255, 153, 51. ಇವನ್ನು ಎಸ್‌ಆರ್‌ಜಿಬಿ ಎಂದು ಹಿಡಿದು ನಾನು ಒಂದು ರಾತ್ರಿ ಲೆಕ್ಕ ಹಾಕಿ ನೋಡಿದೆ. ಹೊಳಪು ನೂರಕ್ಕೆ 44 ಬರುತ್ತದೆ, ಮಾನಕದ ಎರಡು ಪಟ್ಟು. ಪರದೆಯ ಬಿಳಿಗೂ ಬಟ್ಟೆಯ ಬಿಳಿಗೂ ವ್ಯತ್ಯಾಸವಿದೆ ಎಂದು ಧ್ವಜದ ಬಿಳಿಯನ್ನೇ (ಮಾನಕದಲ್ಲಿ ಅದು 72.6) ನೂರೆಂದು ಹಿಡಿದರೂ ಒಂದೂವರೆ ಪಟ್ಟು. ಬಣ್ಣವೂ ಕೆಂಪಿನಿಂದ ಸರಿದು ಹಳದಿಯ ಕಡೆ ಹೋಗಿದೆ. ಗರಗದ ಖಾದಿಯ ಕೇಸರಿ ಹೆಚ್ಚು ಗಾಢ, ಹೆಚ್ಚು ಕೆಂಪು, ಮಣ್ಣಿಗೆ ಹತ್ತಿರ. ನಮ್ಮ ಮಕ್ಕಳಲ್ಲಿ ಬಹುಪಾಲು ಪರದೆಯ ಬಾವುಟವನ್ನೇ ಹೆಚ್ಚು ನೋಡಿರುವುದರಿಂದ, ನಿಜವಾದದ್ದನ್ನು ಕಂಡರೆ ಮೈಸೂರಿನ ಆ ಗಿರಾಕಿಯಂತೆ ‘ಚಿತ್ರದಲ್ಲಿ ಇದ್ದಂತೆ ಇಲ್ಲ’ ಎನ್ನಬಹುದು. (2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿಗೂ ಯಂತ್ರದ ನೇಯ್ಗೆಗೂ ಬಾಗಿಲು ತೆರೆಯಿತು. ಅದು ಬೇರೆಯೇ ಜಗಳ, ನೇಕಾರರ ಮನೆಯವನಾಗಿ ನಾನು ಯಾವ ಕಡೆ ಎಂದು ಹೇಳಬೇಕಿಲ್ಲ.)

255, 153, 51 ಎಂದು ಮೊದಲು ಯಾರು ಬರೆದರೋ ಅವರು ಕೆಟ್ಟವರಲ್ಲ. ಸುಮಾರಾಗಿ ಹತ್ತಿರದ್ದನ್ನು ಹುಡುಕಿ ಬರೆದಿರಬೇಕು. ಅವರ ‘ಸುಮಾರಾಗಿ’ ಎಂಬ ಬಾಲ ಎಲ್ಲೋ ಬಿದ್ದುಹೋಯಿತು, ಅಂಕಿ ಮಾತ್ರ ಉಳಿಯಿತು.

ಇದಕ್ಕೆ ತಿರುವುಮುರುವಾದ ಒಂದು ನೆನಪು ಕಿತ್ತೂರಿನದೇ. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರ ಚಿತ್ರ, ಕಪ್ಪು ಬಿಳುಪಿನದು. ನಾನು ಚಿಕ್ಕವನಿದ್ದಾಗ ಟಿವಿಯಲ್ಲಿ ಅದನ್ನು ನೋಡುತ್ತ ಅವ್ವನನ್ನು ಕೇಳಿದ್ದೆ, ರಾಣಿಯ ಸೀರೆ ಯಾವ ಬಣ್ಣದ್ದು ಎಂದು. ಬಿ. ಸರೋಜಾದೇವಿಯವರ ಮೈಮೇಲಿನ ಆ ಬೂದು ಸೀರೆಯನ್ನು ನೋಡಿ ಅವ್ವ ಸ್ವಲ್ಪ ಹೊತ್ತು ಯೋಚಿಸಿ “ಹಸರ ಇರಬೇಕ ನೋಡು” ಅಂದಳು. ಇರಬೇಕು. ಅಂದಿನಿಂದ ನನ್ನ ಚೆನ್ನಮ್ಮನ ಸೀರೆ ಹಸಿರು, ಆದರೆ ಅದು ಅವ್ವನ ಊಹೆ ಎಂಬುದೂ ನೆನಪಿದೆ. ಕಪ್ಪು ಬಿಳುಪಿನ ಚಿತ್ರ ಬಣ್ಣದ ಬಗ್ಗೆ ಏನನ್ನೂ ಹೇಳಿಕೊಳ್ಳುವುದಿಲ್ಲ, ಆದ್ದರಿಂದ ನಮ್ಮ ಊಹೆ ನಮ್ಮದಾಗಿಯೇ ಉಳಿಯುತ್ತದೆ. ಈಗ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಹಳೆಯ ಚಿತ್ರಗಳಿಗೆ ಬಣ್ಣ ತುಂಬುತ್ತದೆ. ನನ್ನ ಅಜ್ಜನ ಒಂದೇ ಒಂದು ಫೋಟೋಗೆ ತಂಗಿ ಹಾಗೆ ಬಣ್ಣ ತುಂಬಿಸಿ ಮನೆಯವರಿಗೆಲ್ಲ ಕಳಿಸಿದಳು. ನೀಲಿ ರುಮಾಲು. ಅಜ್ಜ ನೀಲಿ ರುಮಾಲು ಸುತ್ತಿದ್ದನ್ನು ಕಂಡವರು ಯಾರೂ ಇಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಮನೆಯಲ್ಲಿ ಅಜ್ಜನ ರುಮಾಲು ನೀಲಿ ಇತ್ತು ಎಂದಾಗುತ್ತದೆ, ಇತ್ತಂತೆ ಎಂದು ಕೂಡ ಅಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನನ್ನ ಆ ಸಾಲನ್ನು ತಿದ್ದುವುದಕ್ಕೆ ಹೊರಟೆ. ಒಂದು ನಿಮಿಷದಲ್ಲಿ ಬರೆದದ್ದನ್ನು ತಿದ್ದಲು ಐದು ವಾರ ಹಿಡಿಯಿತು. ಪ್ರೊಫೈಲಿನ ಪಕ್ಕ ‘ಅಳೆದದ್ದು’, ‘ಹೇಳಿದ್ದು’, ‘ಊಹಿಸಿದ್ದು’ ಎಂಬ ಮೂರರಲ್ಲಿ ಒಂದು ಇರಬೇಕೆಂದು ಮಾಡಿದ ಕೂಡಲೇ ಪ್ರೊಫೈಲನ್ನು ಮುಟ್ಟುವ ಕಡೆಯಲ್ಲೆಲ್ಲ ಕೇಳಬೇಕಾಯಿತು, ನಿನಗೆ ಹೇಗೆ ಗೊತ್ತು? ಎರಡು ಚಿತ್ರ ಕೂಡಿಸಿದಾಗ, ಒಂದು ಅಳೆದದ್ದು ಇನ್ನೊಂದು ಊಹಿಸಿದ್ದಾದರೆ, ಹುಟ್ಟಿದ ಚಿತ್ರ ಯಾವುದು? ಊಹಿಸಿದ್ದೇ, ಒಂದು ಹಿಡಿ ಕಲ್ಲು ಬಿದ್ದ ಅಕ್ಕಿಯನ್ನು ಆರಿಸಿದ ಅಕ್ಕಿ ಎನ್ನಲಾಗದು. ಸಹೋದ್ಯೋಗಿಯೊಬ್ಬರು ಬೇಸರದಿಂದಲೇ ಕೇಳಿದರು, ಇದನ್ನೆಲ್ಲ ಯಾರು ನೋಡುತ್ತಾರೆ, ಪ್ರತಿ ಮಾತಿಗೂ ‘ಅಂತೆ’ ಸೇರಿಸುವವನ ಮಾತು ಯಾರಿಗೆ ಬೇಕು. ಅವರ ಮಾತಿನಲ್ಲಿ ತೂಕವಿದೆ. ಲೈಬ್ರರಿ ಬಳಸುವ ಹೆಚ್ಚಿನವರು ಆ ಮೂರನೆಯ ಅಂಕಣವನ್ನು ತೆರೆದೂ ನೋಡುವುದಿಲ್ಲ, ಕೆಲವರು ಅದು ಅಡ್ಡ ಬಂತೆಂದು ಬೈದಿದ್ದಾರೆ.

ನನಗೆ ಅವರಿಗೆ ಕೊಡಬೇಕೆನಿಸಿದ ಉತ್ತರ ನಷ್ಟದ ಲೆಕ್ಕದ್ದು. ಊಹೆ ತಪ್ಪಾದರೆ ಊಹಿಸಿದವನ ಕಿಸೆಗೆ ಏನೂ ಆಗುವುದಿಲ್ಲ. ಆ ಸಾಲು ಬರೆದ ತಿಂಗಳೂ ನನಗೆ ಸಂಬಳ ಬಂತು. ಚೀಟಿ ಕಿತ್ತ ಮಾರುಕಟ್ಟೆಗೆ ಸಾಗಣೆಯ ಶುಲ್ಕ ಎರಡೂ ಕಡೆಯಿಂದ ಸಿಕ್ಕಿತು. ಮೈಸೂರಿನ ಗಿರಾಕಿಗೆ ದುಡ್ಡು ಮರಳಿತು, ಸರಿಯೇ. ಉಳಿದದ್ದು ಕಾಕಾ. ಹಾಸು ಹೊಕ್ಕು ಕೂಡಿಸಿ ದಿನಗಟ್ಟಲೆ ಕೂತು ನೇಯ್ದವರು, ತಮ್ಮ ಕೆಂಪಿನ ಬಗ್ಗೆ ಒಂದು ಮಾತನ್ನೂ ತಪ್ಪಾಗಿ ಆಡದವರು. ತಪ್ಪು ಊಹೆಯ ಬೆಲೆ ಊಹಿಸಿದವನೇ ತೆರುವ ಹಾಗಿದ್ದರೆ ನಾನು ಆ ಸಾಲನ್ನು ಒಂದು ನಿಮಿಷದಲ್ಲಿ ಬರೆಯುತ್ತಿರಲಿಲ್ಲ ಎಂಬುದು ನನಗೆ ಖಾತ್ರಿ.

ಹೆಸರು ಬೇಕೆಂದಿದ್ದರಲ್ಲ, ಯುಗಾದಿಗೆ ಹೋದಾಗ ಕಾಕಾನಿಗೆ ಹೆಸರು ಹೇಳಿದೆ. ನಿಮ್ಮ ಸೀರೆಯ ಫೋಟೋ ಕೆಡಿಸಿದ್ದು ನಾನಲ್ಲರಿ, ಆದರ ನನ್ನಂಥವ್ರೇ, ಅಂಥಾ ಸಾಲು ನಾನೂ ಬರದೇನ್ರಿ ಎಂದು. ಕಾಕಾ ಲಾಳಿ ನಿಲ್ಲಿಸಲಿಲ್ಲ. “ಬರದಿ. ಈಗ ಅಳಿಸಿದ್ಯೋ?” ಅಂದರು. ತಿದ್ದೀನ್ರಿ ಅಂದೆ. “ಮೈಸೂರಾಕಿ ಫೋನಿನ್ಯಾಗೂ ತಿದ್ದಿದ್ಯೇನು?”

ಇಲ್ಲ. ಅದು ನನ್ನ ಕೈಯಲ್ಲಿಲ್ಲ. ಈ ಕಡೆಯ ಚೀಟಿಯನ್ನು ಎಷ್ಟೇ ಚೆನ್ನಾಗಿ ಬರೆದರೂ ಆ ಕಡೆಯ ಪರದೆ ಎಂಥದ್ದು, ಎಷ್ಟು ಹಳತು, ಯಾವ ಬೆಳಕಿನಲ್ಲಿ ಹಿಡಿದು ನೋಡುತ್ತಾರೆ ಎಂದು ನನಗೆ ಎಂದೂ ತಿಳಿಯುವುದಿಲ್ಲ.

ಕಾಕಾನಿಗೆ ಅದು ನನಗಿಂತ ಮೊದಲೇ ತಿಳಿದಿತ್ತು ಎಂದು ಕಾಣುತ್ತದೆ. ತಂಗಿ ಆ ಮಾರುಕಟ್ಟೆಯನ್ನು ಬಿಟ್ಟು ಈಗ ನೇರವಾಗಿ ಗಿರಾಕಿಗಳೊಂದಿಗೆ ಮಾತಾಡಿ ಮಾರುತ್ತಾಳೆ. ಫೋಟೋವನ್ನು ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಅಂಗಳದಲ್ಲಿ ತೆಗೆಯುತ್ತಾಳೆ, ಕೆಳಗೆ ಹಾಗೆಂದು ಬರೆಯುತ್ತಾಳೆ. ಯಾರಾದರೂ ಒಂದು ಸೀರೆಯನ್ನು ಇಷ್ಟಪಟ್ಟರೆ ಸೀರೆಗಿಂತ ಮೊದಲು ಅವರ ವಿಳಾಸಕ್ಕೆ ಒಂದು ಅಂಚೆ ಲಕೋಟೆ ಹೋಗುತ್ತದೆ. ಒಳಗೆ ಅದೇ ಲಡಿಯಿಂದ ಕತ್ತರಿಸಿದ ಗೇಣುದ್ದದ ಮೂರು ಎಳೆ, ಮೈಯದ್ದೊಂದು, ದಡಿಯದ್ದೊಂದು, ಸೆರಗಿನದ್ದೊಂದು, ಬಿಳಿ ಕಾಗದಕ್ಕೆ ಟೇಪಿನಿಂದ ಅಂಟಿಸಿದ್ದು. ಕಾಗದದ ಮೇಲೆ ಕಾಕಾನ ಅಕ್ಷರದಲ್ಲಿ ಒಂದು ಸಾಲು: ಹೊರಗೆ ಬಿಸಿಲಿಗೆ ಹಿಡಿದು ನೋಡಿರಿ.